ಘೇಂಡಾಮೃಗಗಳ ಲೆಕ್ಕ ಇಟ್ಟ ಚಹಾ ತೋಟದ ದೊರೆ

1934ರಲ್ಲಿ ಅಸ್ಸಾಮಿನ ಒಬ್ಬ ಚಹಾ ಪ್ಲಾಂಟರ್ ಅರಣ್ಯ ಇಲಾಖೆಯ ಮುಂದೆ ಒಂದು ಸಣ್ಣ ಕೋರಿಕೆ ಇಟ್ಟ. ಕಾಜಿರಂಗ ಅನ್ನೋ ಜಾಗವನ್ನ ಒಮ್ಮೆ ನೋಡಬೇಕು, ಅನುಮತಿ ಕೊಡಿ ಅಂತ. ಬ್ರಿಟಿಷ್ ಅರಣ್ಯಾಧಿಕಾರಿಯ ಉತ್ತರ ಹೀಗಿತ್ತು: ಅಲ್ಲಿಗೆ ಯಾರೂ ಹೋಗೋಕಾಗಲ್ಲ, ಪೂರ್ತಿ ಕೆಸರು, ಜಿಗಣೆ, ಆನೆ ಕೂಡ ಒಳಗೆ ಹೋಗಲಾರದು.

ಗಮನಿಸಿ, ಆ ಜಾಗವನ್ನ ಸರ್ಕಾರ 1908ರಲ್ಲೇ ಮೀಸಲು ಅರಣ್ಯ ಅಂತ ಘೋಷಿಸಿತ್ತು. 1916ರಲ್ಲಿ ಬೇಟೆ ನಿಷೇಧದ ಅಭಯಾರಣ್ಯ ಮಾಡಿತ್ತು. ಸುತ್ತಲಿನ ಜನ ಅಲ್ಲಿ ದನ ಮೇಯಿಸೋದು, ಮೀನು ಹಿಡಿಯೋದು ಎಲ್ಲ ಅಪರಾಧ ಆಗಿತ್ತು. ಅಂದರೆ ಜನರಿಗೆ ಬಾಗಿಲು ಹಾಕಿದ್ದಾಯ್ತು, ಬಾಗಿಲು ಹಾಕಿದವರೂ ಒಳಗೆ ಏನಿದೆ ಅಂತ ನೋಡಲಿಲ್ಲ. ನೋಡುತ್ತಿದ್ದವರು ಕಳ್ಳಬೇಟೆಗಾರರು ಮಾತ್ರ.

ಆ ಕೋರಿಕೆ ಇಟ್ಟವರ ಹೆಸರು ಎಡ್ವರ್ಡ್ ಪ್ರಿಚರ್ಡ್ ಜೀ. ಪುಸ್ತಕ, ಪತ್ರಗಳಲ್ಲೆಲ್ಲ ಇ.ಪಿ. ಜೀ. (ಹೆಸರಿನಲ್ಲೇ ಜೀ ಇರೋದರಿಂದ ಗೌರವಕ್ಕೆ ಇನ್ನೊಂದು ಜೀ ಸೇರಿಸೋ ತಾಪತ್ರಯ ನಮಗಿಲ್ಲ.) ಒಂಟಿ ಕೊಂಬಿನ ಘೇಂಡಾಮೃಗ ಇವತ್ತು ಅಸ್ಸಾಮಿನಲ್ಲಿ, ನೇಪಾಳದಲ್ಲಿ ಬದುಕಿದೆ ಅಂದರೆ ಅದರ ಹಿಂದೆ ಇರುವ ಕೆಲವೇ ಹೆಸರುಗಳಲ್ಲಿ ಇದೂ ಒಂದು. ಹಾಗೆಯೇ, ಆ ಪ್ರಾಣಿಗಾಗಿ ಯಾರು ಮನೆ ಕಳೆದುಕೊಂಡರು ಅನ್ನೋ ಪ್ರಶ್ನೆಯನ್ನ ಕೇಳೋಕೆ ಹೊರಟರೂ ಇದೇ ಮನುಷ್ಯನ ವರದಿಗಳ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ಆ ಎರಡನ್ನೂ ಒಟ್ಟಿಗೆ ಹೇಳದೆ ಜೀ ಅವರ ಬದುಕನ್ನ ಹೇಳೋದು ಸುಳ್ಳಾಗುತ್ತದೆ.

ಹುಟ್ಟಿದ್ದು 1904, ಇಂಗ್ಲೆಂಡಿನ ಡರ್ಹಮ್ ಸೀಮೆ. ಓದಿದ್ದು ಕೇಂಬ್ರಿಡ್ಜ್. ಅಲ್ಲಿಂದ ಹಡಗು ಹತ್ತಿ ಅಸ್ಸಾಂ. ಆ ಕಾಲದ ಮಧ್ಯಮ ವರ್ಗದ ಇಂಗ್ಲಿಷ್ ಹುಡುಗರಿಗೆ ಇದು ಹೊಸ ದಾರಿಯೇನಲ್ಲ. ಅಲ್ಲಿನ ಗುಮಾಸ್ತಗಿರಿಗಿಂತ ಇಲ್ಲಿನ ದೊರೆತನ ಮೇಲು ಅನ್ನೋ ಲೆಕ್ಕ. ಜೀ ಬಹುಕಾಲ ಇದ್ದದ್ದು ಗೋಲಾಘಾಟ್ ಕಡೆಯ ದೊಯಾಂಗ್ ಚಹಾ ತೋಟದಲ್ಲಿ. ಅಲ್ಲಿಂದ ಕಾಜಿರಂಗ ಅಷ್ಟೇನೂ ದೂರವಲ್ಲ.

ಅಸ್ಸಾಮಿನ ಚಹಾ ತೋಟ ಅಂದರೆ ಏನು ಅಂತ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಛೋಟಾನಾಗಪುರದ ಕಡೆಯಿಂದ ಆದಿವಾಸಿಗಳನ್ನ ಕರಾರು ಬರೆಸಿಕೊಂಡು ತಂದು, ಲೈನ್ ಮನೆಗಳಲ್ಲಿ ಕೂಡಿಹಾಕಿ, ಅವರ ಬೆವರಲ್ಲಿ ಎದ್ದ ಉದ್ಯಮ ಅದು. ಕಾಡು ಕಡಿದು ಚಹಾ ನೆಟ್ಟದ್ದೂ ಅದೇ ಉದ್ಯಮ. ಹತ್ತೊಂಬತ್ತನೇ ಶತಮಾನದಲ್ಲಿ ಘೇಂಡಾಮೃಗವನ್ನ ಬೆಳೆ ಹಾಳು ಮಾಡೋ ಪೀಡೆ ಅಂತ ಕಂಡು, ಕೊಂದವರಿಗೆ ಬಹುಮಾನ ಕೊಟ್ಟ ಆಡಳಿತವೂ ಅದೇ ವ್ಯವಸ್ಥೆಯ ಭಾಗ. ಪ್ಲಾಂಟರ್‌ಗಳಿಗೆ ಭಾನುವಾರ ಅಂದರೆ ಕೋವಿ. ಅವರಷ್ಟೇ ಅಲ್ಲ, ನಮ್ಮ ರಾಜರೂ ಹಿಂದೆ ಬೀಳಲಿಲ್ಲ. ಕೂಚ್ ಬಿಹಾರದ ಮಹಾರಾಜ ನೃಪೇಂದ್ರ ನಾರಾಯಣ 1871ರಿಂದ 1907ರವರೆಗೆ 207 ಘೇಂಡಾಮೃಗಗಳು ತನ್ನ ಬೇಟೆಗಳಲ್ಲಿ ಬಿದ್ದ ಲೆಕ್ಕವನ್ನ ಹೆಮ್ಮೆಯಿಂದ ಬರೆದಿಟ್ಟ. ಇಪ್ಪತ್ತನೇ ಶತಮಾನದ ಆರಂಭಕ್ಕೆ ಕಾಜಿರಂಗದಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು ಅನ್ನೋದು ಈ ಹಿನ್ನೆಲೆಯಲ್ಲಿ ಆಶ್ಚರ್ಯವಲ್ಲ.

ಜೀ ಕೂಡ ಮೊದಲು ಕೋವಿ, ಗಾಳ ಹಿಡಿದವರೇ. ನಂತರ ಕ್ಯಾಮೆರಾಕ್ಕೆ ತಿರುಗಿದರು. ಆ ಪೀಳಿಗೆಯ ಹಲವರ ಕತೆ ಇದೇ. ನಮ್ಮ ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ಕಾಫಿ ತೋಟದಲ್ಲಿದ್ದ ರ‍್ಯಾಂಡಾಲ್ಫ್ ಮಾರಿಸ್ ಕೂಡ ಬೇಟೆಗಾರ, ಪ್ಲಾಂಟರ್, ಪ್ರಾಣಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆಯುತ್ತಿದ್ದವರು. ಈ ಪ್ಲಾಂಟರ್‌ಗಳಿಗೆ ಮೂರು ಅನುಕೂಲ ಇದ್ದವು: ಕಾಡಿನ ಅಂಚಲ್ಲಿ ಮನೆ, ಕೈಯಲ್ಲಿ ಸಮಯ, ಇಂಗ್ಲಿಷಿನಲ್ಲಿ ಬರೆದದ್ದನ್ನ ಅಚ್ಚು ಮಾಡೋ ಪತ್ರಿಕೆ. ಅದೇ ಕಾಡಿನ ಬಗ್ಗೆ ಅವರಿಗಿಂತ ಹತ್ತು ಪಟ್ಟು ತಿಳಿದಿದ್ದ ಸೋಲಿಗರಿಗಾಗಲೀ, ಅಸ್ಸಾಮಿನ ಮಿಸಿಂಗ್ ಜನರಿಗಾಗಲೀ ಈ ಮೂರರಲ್ಲಿ ಮೊದಲನೆಯದು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಮೊದಲನೆಯದನ್ನೂ ಮುಂದೆ ಕಿತ್ತುಕೊಂಡರು, ಅದು ಬೇರೆ ಮಾತು.

ಕಾಜಿರಂಗದ ಬಾಗಿಲು ತೆರೆದದ್ದು 1938ರಲ್ಲಿ. ಅದಕ್ಕೆ ಕೆಲವು ವರ್ಷ ಮುಂಚೆ ಎ.ಜೆ.ಡಬ್ಲ್ಯು. ಮಿಲ್‌ರಾಯ್ ಅನ್ನೋ ಅರಣ್ಯಾಧಿಕಾರಿ ಕಳ್ಳಬೇಟೆ ವಿರುದ್ಧ ನಿಜವಾಗಿ ಕೈಹಾಕಿದ್ದರು. ಆಗ ಕೊಲ್ಲುತ್ತಿದ್ದ ರೀತಿ ಕೋವಿಯಲ್ಲ, ಗುಂಡಿ. ಘೇಂಡಾಮೃಗಕ್ಕೆ ಒಂದು ವಿಚಿತ್ರ ಅಭ್ಯಾಸ ಇದೆ. ದಿನಾ ಒಂದೇ ಜಾಗದಲ್ಲಿ ಲದ್ದಿ ಹಾಕುತ್ತದೆ, ಆಳೆತ್ತರದ ಹುಲ್ಲಿನೊಳಗೆ ಸುರಂಗದಂಥ ತನ್ನದೇ ದಾರಿಯಲ್ಲಿ ಓಡಾಡುತ್ತದೆ. ಆ ದಾರಿಯಲ್ಲಿ ಗುಂಡಿ ತೋಡಿ ಮೇಲೆ ಹುಲ್ಲು ಹರಡಿದರೆ ಮುಗಿಯಿತು. ಎರಡು ಟನ್ ತೂಗುವ ಪ್ರಾಣಿ ತನ್ನ ಶಿಸ್ತಿನಿಂದಲೇ ಸಾಯುತ್ತಿತ್ತು. ಕೊಂಬು ಕತ್ತರಿಸಿಕೊಂಡು ಉಳಿದದ್ದನ್ನ ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಆ ಕೊಂಬು ಅಂದರೆ ನಮ್ಮ ಉಗುರು, ಕೂದಲಲ್ಲಿರುವ ಅದೇ ಕೆರಾಟಿನ್. ಚೀನೀ ವೈದ್ಯದಲ್ಲಿ ಅದನ್ನ ಜ್ವರಕ್ಕೆ ಬಳಸುತ್ತಿದ್ದರು. ನಮ್ಮ ಕಡೆ ಅದರ ಸುತ್ತ ಬೇರೆ ಬೇರೆ ನಂಬಿಕೆ. ಇನ್ನೂ ತಮಾಷೆ ಅಂದರೆ ಭಾರತದ ಘೇಂಡಾಮೃಗ ಜಗಳಕ್ಕೆ ಕೊಂಬನ್ನ ಅಷ್ಟಾಗಿ ಬಳಸೋದೇ ಇಲ್ಲ, ಕೆಳದವಡೆಯ ಚೂಪು ಹಲ್ಲುಗಳಿಂದ ಕಚ್ಚುತ್ತದೆ. ಅದಕ್ಕೇ ಅಷ್ಟು ಉಪಯೋಗವಿಲ್ಲದ ಅಂಗಕ್ಕಾಗಿ ಅದರ ಜೀವ ಹೋಗುತ್ತಿತ್ತು.

ಜೀ ಅಲ್ಲಿಗೆ ಮತ್ತೆ ಮತ್ತೆ ಹೋದರು. ಆನೆಯ ಬೆನ್ನ ಮೇಲೆ ಕೂತು ಫೋಟೊ ತೆಗೆದರು, ಚಲನಚಿತ್ರ ಸುರುಳಿಯಲ್ಲಿ ಹಿಡಿದರು, ಬಿಡದೆ ಬರೆದರು. ಪ್ರವಾಹದ ನೀರು ಎಲ್ಲಿವರೆಗೆ ಏರುತ್ತದೆ, ಅಂತರಗಂಗೆ ಯಾವ ಕೆರೆಯನ್ನ ಮುಚ್ಚುತ್ತಿದೆ, ಊರ ದನಗಳಿಂದ ಅಂಥ್ರಾಕ್ಸ್ ಹೇಗೆ ಒಳಗೆ ಬರುತ್ತದೆ, ಇಂಥ ವಿಷಯಗಳ ಮೇಲೆ ಅವರ ಕಣ್ಣು. 1940ರ ದಶಕದಲ್ಲಿ ಅಂಥ್ರಾಕ್ಸ್ ಬಂದು ಕಾಜಿರಂಗದಲ್ಲಿ ಘೇಂಡಾಮೃಗಗಳು ಸತ್ತಿದ್ದವು. ಅದರ ಮೇಲೆ 1950ರ ಆಗಸ್ಟ್ 15ರ ಮಹಾ ಭೂಕಂಪ. ಬ್ರಹ್ಮಪುತ್ರದ ತಳಕ್ಕೆ ಹೂಳು ತುಂಬಿ ನದಿಯ ಸ್ವಭಾವವೇ ಬದಲಾಯ್ತು. ಒಂದೇ ಜಾಗದಲ್ಲಿ ಒಂದು ಜಾತಿಯ ಬಹುಪಾಲು ಉಳಿದಿದ್ದರೆ ಒಂದು ರೋಗ, ಒಂದು ನೆರೆ ಸಾಕು, ಎಲ್ಲ ಮುಗಿದುಹೋಗುತ್ತದೆ. ಈ ಭಯ ಅವರ ಬರವಣಿಗೆಯ ಉದ್ದಕ್ಕೂ ಇದೆ. ಹೆಣ್ಣು ಘೇಂಡಾಮೃಗ ಸುಮಾರು ಹದಿನಾರು ತಿಂಗಳು ಗರ್ಭ ಹೊತ್ತು ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ಹೆಚ್ಚುಕಡಿಮೆ ಮೂರು ವರ್ಷ. ಕಳೆದುಕೊಂಡದ್ದನ್ನ ಬೇಗ ತುಂಬಿಕೊಳ್ಳೋ ಪ್ರಾಣಿ ಅಲ್ಲ.

ಸ್ವಾತಂತ್ರ್ಯ ಬಂತು. ಪ್ಲಾಂಟರ್‌ಗಳಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟಿದರು. ಜೀ ಉಳಿದರು.

ಇಲ್ಲಿ ಮೈಸೂರು ಬರುತ್ತದೆ. ಭಾರತ ಸರ್ಕಾರ 1952ರಲ್ಲಿ ವನ್ಯಜೀವಿಗಳಿಗಾಗಿ ಒಂದು ಕೇಂದ್ರ ಮಂಡಳಿ ಮಾಡಿತು. ಮುಂದೆ ಇಂಡಿಯನ್ ಬೋರ್ಡ್ ಫಾರ್ ವೈಲ್ಡ್‌ಲೈಫ್ ಅಂತ ಹೆಸರಾದದ್ದು ಅದೇ. ಅಧ್ಯಕ್ಷರು ಜಯಚಾಮರಾಜ ಒಡೆಯರ್. ಮೊದಲ ಸಭೆ ನಡೆದದ್ದು ಮೈಸೂರಿನಲ್ಲಿ, ಅದೇ ವರ್ಷದ ಕೊನೆಯಲ್ಲಿ. ಜೀ ಈ ಮಂಡಳಿಯ ಸದಸ್ಯರಾಗಿ ವರ್ಷಾನುಗಟ್ಟಲೆ ದುಡಿದರು. ಆ ಮಂಡಳಿಯ ಸ್ವರೂಪ ಹೇಗಿತ್ತು ನೋಡಿ: ಮಹಾರಾಜರು, ಅರಣ್ಯಾಧಿಕಾರಿಗಳು, ಪ್ಲಾಂಟರ್‌ಗಳು, ಒಬ್ಬಿಬ್ಬರು ವಿಜ್ಞಾನಿಗಳು. ಕಾಡಿನಲ್ಲಿ ಬದುಕುತ್ತಿದ್ದವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಇಡಬೇಕು ಅಂತ ಯಾರಿಗೂ ಹೊಳೆಯಲೂ ಇಲ್ಲ. ನಿನ್ನೆಯವರೆಗೆ ಬೇಟೆಯಾಡಿದವರು ಇವತ್ತು ಸಂರಕ್ಷಣೆಯ ನಿಯಮ ಬರೆಯೋಕೆ ಕೂತಿದ್ದರು. ಇದನ್ನ ಬರೀ ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅವರು ಬರೆಯದಿದ್ದರೆ ಯಾರೂ ಬರೆಯುತ್ತಿರಲಿಲ್ಲ ಅನ್ನೋದೂ ನಿಜ. ಆ ಹೊತ್ತಿಗೆ ದೇಶ ಅನ್ನಕ್ಕೆ ಪರದಾಡುತ್ತಿತ್ತು, ವಿಭಜನೆಯ ನಿರಾಶ್ರಿತರಿಗೆ ಜಾಗ ಹುಡುಕುತ್ತಿತ್ತು. ಹುಲ್ಲುಗಾವಲು ಅಂದರೆ ಪಾಳುಭೂಮಿ ಅನ್ನೋದು ಎಲ್ಲ ಪಕ್ಷಗಳ ಒಮ್ಮತ. ಅಂಥ ಕಾಲದಲ್ಲಿ ಘೇಂಡಾಮೃಗದ ಪರ ಮಾತಾಡೋದಕ್ಕೆ ಸ್ವಲ್ಪ ಹಟ ಬೇಕಿತ್ತು.

1954ರಲ್ಲಿ ಅಸ್ಸಾಂ ಘೇಂಡಾಮೃಗಕ್ಕಾಗಿಯೇ ಪ್ರತ್ಯೇಕ ಸಂರಕ್ಷಣಾ ಕಾನೂನು ಮಾಡಿತು. ಅದಕ್ಕೂ ಒಂದು ವರ್ಷ ಮುಂಚೆ, 1953ರಲ್ಲಿ, ಜೀ ಸಂಕೋಶ್ ಮತ್ತು ಮಾನಸ್ ನದಿಗಳ ನಡುವಿನ ಕಾಡಿನಲ್ಲಿ ಹೊನ್ನಿನ ಬಣ್ಣದ ಒಂದು ಮುಸುವವನ್ನ ಬಣ್ಣದ ಚಿತ್ರಸುರುಳಿಯಲ್ಲಿ ಹಿಡಿದು ತಂದರು. ಅಂಥದ್ದೊಂದು ಕೋತಿ ಇದೆ ಅಂತ ಅಲ್ಲಿಲ್ಲಿ ಮಾತಿತ್ತು, ವಿಜ್ಞಾನದ ದಾಖಲೆಯಲ್ಲಿ ಇರಲಿಲ್ಲ. 1956ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಎಚ್. ಖಜೂರಿಯಾ ಅದನ್ನ ಹೊಸ ಜಾತಿ ಅಂತ ವಿವರಿಸಿ ಜೀ ಹೆಸರನ್ನೇ ಇಟ್ಟರು. ಇವತ್ತಿಗೂ ಗೋಲ್ಡನ್ ಲಂಗೂರ್‌ನ ವೈಜ್ಞಾನಿಕ ಹೆಸರಿನ ಕೊನೆಯಲ್ಲಿ ಗೀಐ ಅಂತ ಓದುವುದು ಜೀ ಅವರನ್ನೇ. ಅಲ್ಲಿನ ಹಳ್ಳಿಗರು ಅದನ್ನ ತಲೆಮಾರುಗಳಿಂದ ನೋಡುತ್ತಿದ್ದರು, ಅವರ ಹೆಸರು ಯಾವ ಕೋತಿಗೂ ಇಲ್ಲ. ಇರಲಿ.

ಜೀ ಅವರ ಜೀವನದ ಅತಿ ಗಟ್ಟಿ ಕೆಲಸ, ಅತಿ ಕಷ್ಟದ ಪ್ರಶ್ನೆ ಎರಡೂ ಇರೋದು ನೇಪಾಳದ ಚಿತ್ವನ್ ಕಣಿವೆಯಲ್ಲಿ. ಸ್ವಲ್ಪ ಹೊತ್ತು ಅಲ್ಲೇ ನಿಲ್ಲೋಣ.

ಹಿಮಾಲಯದ ಬುಡದ ತರಾಯಿ ಪ್ರದೇಶ. ರಾಪ್ತಿ ನದಿ, ಎತ್ತರದ ಹುಲ್ಲು, ಸಾಲ ಮರಗಳ ಕಾಡು, ಜೊತೆಗೆ ಮಲೇರಿಯಾ. ಹೊರಗಿನವರು ಮಳೆಗಾಲದಲ್ಲಿ ಅಲ್ಲಿ ಒಂದು ರಾತ್ರಿ ಮಲಗೋಕೂ ಹೆದರುತ್ತಿದ್ದರು. ಅಲ್ಲಿ ಬದುಕುತ್ತಿದ್ದದ್ದು ಥಾರು ಜನ, ನದಿಯ ಅಂಚಿನಲ್ಲಿ ಮೀನು ಹಿಡಿಯೋ ಬೋಟೆ, ಮಾಝಿಗಳು. ನೂರು ವರ್ಷ ನೇಪಾಳವನ್ನ ಆಳಿದ ರಾಣಾ ಮನೆತನಕ್ಕೆ ಈ ಕಣಿವೆ ಚಳಿಗಾಲದ ಬೇಟೆಯ ಅಂಗಳ. ಘೇಂಡಾಮೃಗ ರಾಜಬೇಟೆ, ಸಾಮಾನ್ಯರು ಮುಟ್ಟಿದರೆ ಕಠೋರ ಶಿಕ್ಷೆ. ರಾಜರು, ಅವರ ಅತಿಥಿಗಳು ಮುಟ್ಟಬಹುದು. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೆಹಲಿ ದರ್ಬಾರ್ ಮುಗಿಸಿ ಅಲ್ಲಿಗೆ ಹೋದ. ಹತ್ತು ಹನ್ನೊಂದು ದಿನದಲ್ಲಿ ಅವನ ತಂಡ ಕೊಂದದ್ದು 39 ಹುಲಿ, 18 ಘೇಂಡಾಮೃಗ. ಹಾಗಿದ್ದರೂ ಕಾಡು ಉಳಿದಿತ್ತು. ಮಲೇರಿಯಾ ಅದನ್ನ ಕಾದಿತ್ತು.

1951ರಲ್ಲಿ ರಾಣಾಗಳ ಆಳ್ವಿಕೆ ಬಿತ್ತು. ಐವತ್ತರ ದಶಕದಲ್ಲಿ ಡಿಡಿಟಿ ಬಂತು, ಸೊಳ್ಳೆ ಸತ್ತವು. ಬೆಟ್ಟದ ಮೇಲಿನ ಭೂಮಿ ಇಲ್ಲದ ಬಡವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಣಿವೆಗೆ ಇಳಿದರು. ಸರ್ಕಾರವೇ ಯೋಜನೆ ಹಾಕಿ ಅವರನ್ನ ನೆಲೆಯೂರಿಸಿತು. ಹುಲ್ಲುಗಾವಲು ಗದ್ದೆಯಾಯಿತು. ಆ ದಶಕದ ಆರಂಭದಲ್ಲಿ ಎಂಟುನೂರರ ಆಸುಪಾಸು ಇದ್ದವು ಎನ್ನಲಾದ ಘೇಂಡಾಮೃಗಗಳು ಕಣ್ಣೆದುರೇ ಕರಗತೊಡಗಿದವು. ಹಳೆಯ ಭಯವೂ ಇಲ್ಲ, ಹೊಸ ಕಾವಲೂ ಇಲ್ಲ. ಕೊಂಬಿಗೆ ಮಾತ್ರ ಕಲ್ಕತ್ತೆಯ ದಾರಿಯಲ್ಲಿ ಬೆಲೆ ಏರುತ್ತಲೇ ಇತ್ತು.

1959. ಜೀ ಚಹಾ ತೋಟದಿಂದ ನಿವೃತ್ತರಾದ ವರ್ಷವೂ ಅದೇ. ಐವತ್ತೈದರ ವಯಸ್ಸಿನಲ್ಲಿ, ಲಂಡನ್ನಿನ ಫಾನಾ ಪ್ರಿಸರ್ವೇಷನ್ ಸೊಸೈಟಿಯ ಪರವಾಗಿ ಚಿತ್ವನ್‌ಗೆ ಸಮೀಕ್ಷೆಗೆ ಹೋದರು. ಇವತ್ತಿನ ಹಾಗೆ ಕ್ಯಾಮೆರಾ ಟ್ರ್ಯಾಪ್ ಇಲ್ಲ, ಉಪಗ್ರಹ ಇಲ್ಲ. ಆನೆ, ನಡಿಗೆ, ಲದ್ದಿಗುಡ್ಡೆ, ಹೆಜ್ಜೆ, ಊರಿನವರ ಮಾತು. ನೇಪಾಳದಲ್ಲಿ ಸುಮಾರು 300 ಉಳಿದಿರಬಹುದು ಅನ್ನೋದು ಅವರ ಅಂದಾಜು. ಒಂದು ನಕ್ಷೆಯ ಜೊತೆ ಸಲಹೆ ಕೊಟ್ಟರು: ರಾಪ್ತಿ ನದಿಯ ಉತ್ತರಕ್ಕೆ ರಾಷ್ಟ್ರೀಯ ಉದ್ಯಾನ, ದಕ್ಷಿಣಕ್ಕೆ ಹತ್ತು ವರ್ಷದ ಪ್ರಯೋಗಕ್ಕೆ ಅಂತ ಒಂದು ಅಭಯಾರಣ್ಯ.

ನಾಲ್ಕು ವರ್ಷ ಬಿಟ್ಟು 1963ರಲ್ಲಿ ಮತ್ತೆ ಹೋದರು. ಈ ಸಲ ಐಯುಸಿಎನ್ ಕೂಡ ಜೊತೆಗಿತ್ತು. ಲೆಕ್ಕ ಇನ್ನೂರಕ್ಕಿಂತ ಕೆಳಗೆ ಇಳಿದಿತ್ತು. ತಾವು ಉದ್ಯಾನ ಆಗಬೇಕು ಅಂತ ಗುರುತು ಹಾಕಿದ್ದ ಉತ್ತರ ದಂಡೆಯಲ್ಲಿ ಕಾಡು ಬಹುಪಾಲು ಹೋಗಿ ಊರುಗಳು ಎದ್ದಿದ್ದವು. ಜೀ ತಮ್ಮ ಹಳೆಯ ಗೆರೆಯನ್ನ ಹಿಡಿದು ಕೂರಲಿಲ್ಲ. ಉದ್ಯಾನವನ್ನ ದಕ್ಷಿಣಕ್ಕೆ ವಿಸ್ತರಿಸಿ ಅಂತ ಹೊಸ ಸಲಹೆ ಕೊಟ್ಟರು. ಇವತ್ತು ನೀವು ಪ್ರವಾಸಕ್ಕೆ ಹೋದರೆ ನೋಡೋ ಚಿತ್ವನ್ ಉದ್ಯಾನ ರಾಪ್ತಿಯ ಆ ದಕ್ಷಿಣ ದಂಡೆಯಲ್ಲೇ ಇದೆ. ಉತ್ತರ ದಂಡೆಯಲ್ಲಿ ಸೌರಾಹ ಅನ್ನೋ ಪೇಟೆ, ಹೋಟೆಲು, ಗದ್ದೆ.

ಈಗ ಕಷ್ಟದ ಭಾಗ. 1964ರಲ್ಲಿ ನೇಪಾಳ ಸರ್ಕಾರ ಕಣಿವೆಯಿಂದ ಸುಮಾರು 22 ಸಾವಿರ ಜನರನ್ನ ಎಬ್ಬಿಸಿತು. ಅವರಲ್ಲಿ 4 ಸಾವಿರ ಮಂದಿ ಘೇಂಡಾಮೃಗ ಅಭಯಾರಣ್ಯದ ಒಳಗೇ ಇದ್ದವರು. ಎಬ್ಬಿಸಿದ್ದು ಜೀ ಅಲ್ಲ. ಅವರಿಗೆ ಆ ಅಧಿಕಾರವೂ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಅದು ರಾಜ ಮಹೇಂದ್ರನ ಪಕ್ಷರಹಿತ ಪಂಚಾಯತ್ ಆಡಳಿತದ ಕಾಲ. ಪ್ರತಿಭಟಿಸೋಕೆ ಪಕ್ಷಗಳೇ ಇಲ್ಲದ ಕಾಲ. ಅದೇ ಹೊತ್ತಿಗೆ ಗೈಂಡಾ ಗಸ್ತಿ ಅಂತ ಸುಮಾರು 130 ಮಂದಿಯ ಶಸ್ತ್ರಧಾರಿ ಪಡೆಯೂ ಹುಟ್ಟಿತ್ತು. ಘೇಂಡಾಮೃಗಕ್ಕಾಗಿಯೇ ಪಹರೆ.

ಆದರೆ ವರದಿ ಬರೆಯೋರು ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಬಾರದು. ನಕ್ಷೆಯ ಮೇಲೆ ಗೆರೆ ಎಳೆಯೋದು ಒಂದು ರಾಜಕೀಯ ಕೆಲಸವೇ. ಘೇಂಡಾಮೃಗದ ಲೆಕ್ಕವನ್ನ ಅಷ್ಟು ಶ್ರದ್ಧೆಯಿಂದ ಇಟ್ಟ ಆ ಕಾಲದ ಸಂರಕ್ಷಣೆ, ಗೆರೆಯ ಒಳಗೆ ಎಷ್ಟು ಒಲೆ ಉರಿಯುತ್ತಿವೆ ಅನ್ನೋದನ್ನ ಅದೇ ಶ್ರದ್ಧೆಯಿಂದ ಎಣಿಸಲಿಲ್ಲ. ಅಷ್ಟೇ ಅಲ್ಲ, ಎಣಿಸಿದಾಗಲೂ ಒಂದೇ ಹೆಸರಿನಲ್ಲಿ ಎಣಿಸಿತು: ಅತಿಕ್ರಮಣದಾರರು. ನಿನ್ನೆ ಬೆಟ್ಟ ಇಳಿದು ಬಂದ ಬಡವ, ಅವನ ಹಿಂದೆ ನಿಂತು ಭೂಮಿ ಕಬಳಿಸಿದ ಬಲಾಢ್ಯ, ಮಲೇರಿಯಾ ಕಾಲದಿಂದ ಅಲ್ಲೇ ಇದ್ದ ಥಾರು, ಮೂವರೂ ಆ ಒಂದು ಪದದೊಳಗೆ ಸೇರಿಹೋದರು. ಕಣಿವೆಯನ್ನ ಬರಿದು ಮಾಡಿದ್ದು ಥಾರುಗಳಲ್ಲ. ಘೇಂಡಾಮೃಗಗಳ ಜೊತೆ ಅವರು ಬದುಕಿಕೊಂಡೇ ಇದ್ದರು, ಬೆಳೆ ತಿಂದರೆ ಬೈದುಕೊಂಡು. ಕಾಡು ಹೋದದ್ದು ಸರ್ಕಾರದ ಯೋಜನೆಯಿಂದ. ಕೊಂಬು ಹೋದದ್ದು ದೂರದ ಪೇಟೆಯಿಂದ. ಬೆಲೆ ತೆತ್ತವರ ಪಟ್ಟಿಯಲ್ಲಿ ಮಾತ್ರ ಅವರು ಇದ್ದಾರೆ.

ಜೀ ಬದಲು ನೀವು ಆ ಜಾಗದಲ್ಲಿ ನಿಂತಿದ್ದರೆ ಏನು ಬರೆಯುತ್ತಿದ್ದಿರಿ ಅಂತ ಕೇಳಿಕೊಂಡರೆ ಉತ್ತರ ಸಲೀಸಲ್ಲ. ಎಣಿಕೆ ನಾಲ್ಕು ವರ್ಷದಲ್ಲಿ ನೂರಕ್ಕೂ ಹೆಚ್ಚು ಇಳಿದಿದೆ. ಇನ್ನು ಹತ್ತು ವರ್ಷ ಹೀಗೇ ಬಿಟ್ಟರೆ ಇಡೀ ನೇಪಾಳದಲ್ಲಿ ಒಂದೂ ಇರೋದಿಲ್ಲ. 1960ರ ದಶಕದ ಕೊನೆಗೆ ಅದು ನಿಜಕ್ಕೂ ನೂರರ ಕೆಳಗೆ ಬಂತು. ಜನರ ಜೊತೆ ಕೂತು ಮಾತಾಡಿ, ಅವರ ಹಕ್ಕು ಗುರುತಿಸಿ, ಒಪ್ಪಿಗೆ ಪಡೆದು ಮಾಡಬೇಕಿತ್ತು ಅಂತ ನಾವು 2006ರ ಅರಣ್ಯ ಹಕ್ಕು ಕಾಯ್ದೆಯ ಈಚೆ ನಿಂತು ಹೇಳಬಹುದು. ಹೇಳಲೇಬೇಕು ಕೂಡ. ಆದರೆ ಆ ವರದಿ ಬರದೇ ಇದ್ದಿದ್ದರೆ ನಾವು ಇವತ್ತು ಚರ್ಚೆ ಮಾಡೋಕೆ ಘೇಂಡಾಮೃಗವೇ ಇರುತ್ತಿರಲಿಲ್ಲ ಅನ್ನೋದನ್ನೂ ನಾನು ನುಂಗಿಕೊಳ್ಳಲಾರೆ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಡೋ ಜನ ಎರಡೂ ಕಡೆ ಇದ್ದಾರೆ. ಎರಡೂ ಕಡೆಯವರಿಗೂ ಜೀ ಪೂರ್ತಿ ಒದಗಿಬರುವುದಿಲ್ಲ.

ನಿವೃತ್ತಿಯ ನಂತರ ಜೀ ಇಂಗ್ಲೆಂಡಿಗೆ ಮರಳಿ ನೆಲೆಸಲಿಲ್ಲ. ಶಿಲಾಂಗ್‌ನಲ್ಲಿ ಮನೆ ಮಾಡಿದರು. ಅಂಗಳ ತುಂಬ ಆರ್ಕಿಡ್ ಬೆಳೆಸಿದರು. 1964ರಲ್ಲಿ ಭಾರತದ ವನ್ಯಜೀವಿಗಳ ಬಗ್ಗೆ ಅವರ ಪುಸ್ತಕ ಬಂತು. ಮುನ್ನುಡಿ ಬರೆದವರು ಜವಾಹರಲಾಲ್ ನೆಹರು. ವಿಜ್ಞಾನಿಯ ಪುಸ್ತಕ ಅಲ್ಲ ಅದು, ತೋಟದಿಂದ ರಜೆ ಸಿಕ್ಕಾಗಲೆಲ್ಲ ಗಂಟು ಕಟ್ಟಿಕೊಂಡು ಕಾಡಿಗೆ ಹೋದ ಮನುಷ್ಯನ ಪುಸ್ತಕ. ಸರಳ ಭಾಷೆ, ಒಳ್ಳೆ ಫೋಟೊ, ನಡುನಡುವೆ ತಮಾಷೆ. ನಮ್ಮ ದೇಶದ ಇಂಗ್ಲಿಷ್ ಓದುವ ಒಂದು ಇಡೀ ತಲೆಮಾರಿಗೆ ಕಾಡು ಅಂದರೆ ಗುಂಡು ಹೊಡೆಯೋ ಜಾಗ ಅಲ್ಲ, ನೋಡೋ ಜಾಗ ಅಂತ ಕಲಿಸಿದ ಪುಸ್ತಕಗಳಲ್ಲಿ ಅದೂ ಒಂದು.

ಅದೇ ಪುಸ್ತಕದಿಂದ ಇನ್ನೊಂದು ಸಂಗತಿ ಹೊರಬಂದು ಇವತ್ತಿಗೂ ಓಡಾಡುತ್ತಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ 40 ಸಾವಿರ ಹುಲಿ ಇದ್ದವು ಅನ್ನೋ ಅಂಕಿ ನೀವು ಕೇಳಿರುತ್ತೀರಿ. ಶಾಲಾ ಪಠ್ಯ, ಸರ್ಕಾರಿ ಭಾಷಣ, ವಾಟ್ಸಾಪ್, ಎಲ್ಲಾ ಕಡೆ ಇದೆ. ಅದು ಯಾವ ಗಣತಿಯೂ ಅಲ್ಲ, ಜೀ ಅವರ ಅಂದಾಜು. ತಾವು ಬರೆಯುವ ಹೊತ್ತಿಗೆ ಉಳಿದಿರೋದು 4 ಸಾವಿರ ಇರಬಹುದು ಅಂತಲೂ ಅವರೇ ಊಹಿಸಿದ್ದರು. ಊಹೆ ಅಂತ ಅವರು ಹೇಳಿದ್ದನ್ನ ಮುಂದಿನವರು ಸತ್ಯ ಅಂತ ಮಾಡಿಕೊಂಡರು. ಘೇಂಡಾಮೃಗದ ವಿಷಯದಲ್ಲಿ ಅವರು ಕೊಟ್ಟ ಲೆಕ್ಕ ಇದಕ್ಕಿಂತ ಗಟ್ಟಿ, ಯಾಕಂದರೆ ಅಲ್ಲಿ ಕಾಲು ಸವೆಸಿ ಎಣಿಸಿದ್ದರು.

1966ರಲ್ಲಿ ಕಾಜಿರಂಗದಲ್ಲಿ ವ್ಯವಸ್ಥಿತ ಎಣಿಕೆ ನಡೆದಾಗ ಸಿಕ್ಕಿದ್ದು 366. ಕೆಸರು, ಜಿಗಣೆ ಬಿಟ್ಟರೆ ಬೇರೇನಿಲ್ಲ ಅಂತ ಅಂದಿದ್ದ ಜಾಗದಲ್ಲಿ! ಎರಡು ವರ್ಷದ ನಂತರ, 1968ರಲ್ಲಿ, ಜೀ ತೀರಿಕೊಂಡರು. ಅರವತ್ನಾಲ್ಕು ವರ್ಷ. ಅಸ್ಸಾಂ ತನ್ನ ರಾಷ್ಟ್ರೀಯ ಉದ್ಯಾನ ಕಾಯ್ದೆ ಮಾಡಿದ್ದು ಅದೇ ವರ್ಷ. ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ, ಚಿತ್ವನ್ ರಾಷ್ಟ್ರೀಯ ಉದ್ಯಾನ 1973ರಲ್ಲಿ, ಕಾಜಿರಂಗ ರಾಷ್ಟ್ರೀಯ ಉದ್ಯಾನ 1974ರಲ್ಲಿ ಆಯಿತು. ಅವರು ಜೀವಮಾನವಿಡೀ ಕೇಳಿದ್ದೆಲ್ಲ ಅವರು ಹೋದ ಮೇಲೆ ಐದಾರು ವರ್ಷದಲ್ಲಿ ಸಾಲಾಗಿ ಬಂತು.

ಅದರ ನಂತರದ ಕತೆ ಅವರ ಕತೆ ಅಲ್ಲ, ಆದರೆ ಅವರು ಬಿಟ್ಟುಹೋದ ಪ್ರಶ್ನೆಯ ಕತೆ. ಚಿತ್ವನ್‌ಗೆ 1975ರಲ್ಲಿ ಸೇನೆಯೇ ಕಾವಲಿಗೆ ಬಂತು. ಊರವರಿಗೆ ಹುಲ್ಲಿನ ಸೂರಿಗೆ ಹುಲ್ಲಿಲ್ಲ, ಒಲೆಗೆ ಸೌದೆ ಇಲ್ಲ. ಗಲಾಟೆ ಹೆಚ್ಚಾದ ಮೇಲೆ, ವರ್ಷಕ್ಕೆ ಕೆಲವು ದಿನ ಒಳಗೆ ಹೋಗಿ ಹುಲ್ಲು ಕೊಯ್ದು ತರೋಕೆ ಅನುಮತಿ ಸಿಕ್ಕಿತು. ಸಾವಿರಾರು ಜನ ಒಟ್ಟಿಗೆ ಕುಡುಗೋಲು ಹಿಡಿದು ನದಿ ದಾಟಿ ಹೋಗುತ್ತಿದ್ದರು. 1996ರಲ್ಲಿ ಉದ್ಯಾನದ ಸುತ್ತ ಬಫರ್ ವಲಯ ಬಂತು; ಉದ್ಯಾನದ ಆದಾಯದಲ್ಲಿ 30ರಿಂದ 50 ಶೇಕಡಾ ಆ ಹಳ್ಳಿಗಳಿಗೆ ಹೋಗಬೇಕು ಅನ್ನೋ ನಿಯಮವಾಯಿತು. ಅಂದರೆ 1963ರ ನಕ್ಷೆಯಲ್ಲಿ ಇಲ್ಲದೇ ಇದ್ದದ್ದನ್ನ ಮೂರು ದಶಕ ಬಿಟ್ಟು ಅರ್ಧಂಬರ್ಧ ಸೇರಿಸಿದರು. ಮೀನು ಹಿಡಿದು ಬದುಕುವ ಬೋಟೆ, ಮಾಝಿಗಳಿಗೆ ನದಿಗಾಗಿ ಜಗಳ ಇನ್ನೂ ಮುಗಿದಿಲ್ಲ. 2021ರ ಎಣಿಕೆಯಲ್ಲಿ ನೇಪಾಳದ ಘೇಂಡಾಮೃಗಗಳು 752. ಅದರಲ್ಲಿ ಚಿತ್ವನ್ ಒಂದರಲ್ಲೇ 694.

ಕಾಜಿರಂಗದ್ದು ಇನ್ನೂ ಬಿಗಿಯಾದ ಗಂಟು. 2022ರ ಗಣತಿಯಲ್ಲಿ 2,613 ಘೇಂಡಾಮೃಗ. ಆ ವರ್ಷ ಅಸ್ಸಾಮಿನಲ್ಲಿ ಒಂದೂ ಕಳ್ಳಬೇಟೆಗೆ ಬಲಿಯಾಗಲಿಲ್ಲ ಅಂತ ಸರ್ಕಾರ ಸಂಭ್ರಮದಿಂದ ಹೇಳಿಕೊಂಡಿತು, ಅದು ಸಂಭ್ರಮಿಸೋ ವಿಷಯವೇ. ಆದರೆ ಅದೇ ಅಸ್ಸಾಂ 2010ರಲ್ಲಿ ಅರಣ್ಯ ಕಾವಲುಗಾರರು ಗುಂಡು ಹಾರಿಸಿದರೆ ಅವರನ್ನ ವಿಚಾರಣೆಯಿಂದ ಕಾಪಾಡೋ ಕಾನೂನು ರಕ್ಷಣೆ ಕೊಟ್ಟಿತ್ತು. ಗುಂಡಿಗೆ ಬಿದ್ದವರಲ್ಲಿ ಯಾರು ಬೇಟೆಗಾರ, ಯಾರು ತಪ್ಪಿಸಿಕೊಂಡ ದನ ಹುಡುಕಿಕೊಂಡು ಬಂದವ ಅನ್ನೋದು ಹುಲ್ಲಿನೊಳಗೇ ತೀರ್ಮಾನವಾಗಿಬಿಡುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಕಾಜಿರಂಗದ ಅಂಚಿನ ಬಾಂದರ್‌ದುಬಿ ಊರನ್ನ ತೆರವು ಮಾಡುವಾಗ ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಅಲ್ಲಿ ಅತಿಕ್ರಮಣ ಅನ್ನೋ ಹಳೆಯ ಪದಕ್ಕೆ ಈಗ ಧರ್ಮದ, ಪೌರತ್ವದ ಬಣ್ಣವೂ ಸೇರಿಕೊಂಡಿದೆ. ಘೇಂಡಾಮೃಗ ಚುನಾವಣಾ ಭಾಷಣದ ಪ್ರಾಣಿಯಾಗಿದೆ. ಜೀ ಕಾಲದಲ್ಲಿ ಅದರ ಪರವಾಗಿ ಮಾತಾಡೋರೇ ಇರಲಿಲ್ಲ. ಈಗ ಅದರ ಹೆಸರಲ್ಲಿ ಮಾತಾಡೋರು ಹೆಚ್ಚಾಗಿದ್ದಾರೆ.

ನಮ್ಮಲ್ಲೂ ಇದು ದೂರದ ಸುದ್ದಿಯಲ್ಲ. ನಾಗರಹೊಳೆಯಿಂದ ಎಪ್ಪತ್ತು, ಎಂಬತ್ತರ ದಶಕದಲ್ಲಿ ಹೊರಹಾಕಿದ ಜೇನುಕುರುಬರ ಕೆಲವು ಕುಟುಂಬಗಳು 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಹಾಕಿದಾಗ ಇದೇ ವಾದ, ಇದೇ ಪದಗಳು ಕೇಳಿಬಂದವು. ಒಂದು ಕಡೆ ಹುಲಿ, ಇನ್ನೊಂದು ಕಡೆ ಜನ, ಯಾರ ಪರ ಹೇಳಿ ಅಂತ. ಮೊದಲು ಕಾಡನ್ನ ಯಾರು ಕಡಿದರು, ಟಿಂಬರು ಯಾರಿಗೆ ಹೋಯ್ತು, ತೇಗದ ನೆಡುತೋಪು ಯಾರು ಹಾಕಿದರು ಅನ್ನೋದು ಆ ಚರ್ಚೆಯಲ್ಲಿ ಬರಲಿಲ್ಲ.

ಜೀ ಅವರ ಎರಡು ನೇಪಾಳ ವರದಿಗಳು ಹಳೆಯ ಓರಿಕ್ಸ್ ಪತ್ರಿಕೆಯ ಸಂಚಿಕೆಗಳಲ್ಲಿ ಇವೆ. ಮನಸ್ಸಿದ್ದವರು ಹುಡುಕಿ ಓದಬಹುದು. 1959ರದ್ದು ಮೊದಲು ಓದಿ, ನಂತರ 1963ರದ್ದು. ನಡುವಿನ ನಾಲ್ಕು ವರ್ಷದಲ್ಲಿ ರಾಪ್ತಿಯ ಉತ್ತರ ದಂಡೆಯಲ್ಲಿ ಏನಾಯ್ತು ಅನ್ನೋದನ್ನ ಓದುವಾಗ, ಅಲ್ಲಿ ಗದ್ದೆ ಮಾಡಿಕೊಂಡವರ ಕಡೆಯಿಂದಲೂ ಯಾರಾದರೂ ಅಷ್ಟೇ ಕಾಳಜಿಯಿಂದ ಒಂದು ವರದಿ ಬರೆದಿದ್ದರೆ ಅಂತ ಅನ್ನಿಸುತ್ತದೆ. ಶಿಲಾಂಗ್‌ನ ಆರ್ಕಿಡ್ ತೋಟದಲ್ಲಿ ಕೂತು ಅವರು ಕಾಯುತ್ತಿದ್ದ ಉದ್ಯಾನ ಆದದ್ದು ಅವರು ಸತ್ತ ಐದು ವರ್ಷಕ್ಕೆ, ಬಹುಮಟ್ಟಿಗೆ ಅವರು ಎರಡನೇ ಸಲ ಹೇಳಿದ ಜಾಗದಲ್ಲೇ.